ಅಮ್ಮನ ಷೆಂಗೆನ್ ವೀಸಾ ನಿರಾಕರಣೆ ಆಗಿದೆ, ಎರಡನೇ ಸಲ ಅರ್ಜಿ ಹಾಕುವುದು ಹೇಗೆ?

ಸಂಪಿಗೆಮರ

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪೋಸ್ಟ್. ನಾನು, ನನ್ನ ಗಂಡ ಆರು ವರ್ಷದಿಂದ ಜರ್ಮನಿಯಲ್ಲಿದ್ದೇವೆ. ಅಕ್ಟೋಬರ್ ಕೊನೆಯ ವಾರ ನನಗೆ ಹೆರಿಗೆಯ ದಿನ ಕೊಟ್ಟಿದ್ದಾರೆ. ಬಾಣಂತನಕ್ಕೆ ಅಮ್ಮ ಬರಲಿ ಅಂತ ಮೇ ತಿಂಗಳಲ್ಲಿ ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಕಡಿಮೆ ಅವಧಿಯ ವೀಸಾಕ್ಕೆ, ಅರ್ಜಿ ಹಾಕಿಸಿದೆವು. ಮೊನ್ನೆ ಪಾಸ್‌ಪೋರ್ಟ್ ವಾಪಸ್ ಬಂತು. ಒಳಗೆ ವೀಸಾ ಇರಲಿಲ್ಲ, ನಿರಾಕರಣೆಯ ಒಂದು ಹಾಳೆ ಇತ್ತು.

ಅಮ್ಮನಿಗೆ 63 ವರ್ಷ. ಅಪ್ಪ ತೀರಿಕೊಂಡಿದ್ದಾರೆ, ಅವರ ಕುಟುಂಬ ಪಿಂಚಣಿ ಅಮ್ಮನಿಗೆ ಬರುತ್ತದೆ. ಮನೆ ಅಮ್ಮನ ಹೆಸರಲ್ಲೇ ಇದೆ. ಅಣ್ಣ, ಅತ್ತಿಗೆ, ಅವರ ಮಗ ಎಲ್ಲರೂ ಜೊತೆಗೇ ಇದ್ದಾರೆ. ಅಮ್ಮ ಇದುವರೆಗೆ ವಿದೇಶಕ್ಕೆ ಹೋದವರಲ್ಲ. ಸುದ್ದಿ ಹೇಳಿದಾಗ "ನಾನೇನು ಅಲ್ಲೇ ಉಳಿದುಬಿಡ್ತೀನಿ ಅಂದುಕೊಂಡರಾ?" ಅಂತ ಕೇಳಿದರು. ಆ ಮಾತು ಕೇಳಿ ನನಗೆ ಅಳು ಬಂತು.

ಇನ್ನು ನಾಲ್ಕು ತಿಂಗಳಷ್ಟೇ ಇದೆ. ಮೇಲ್ಮನವಿ ಹಾಕಬೇಕಾ, ಹೊಸ ಅರ್ಜಿ ಹಾಕಬೇಕಾ? ಒಂದು ಸಲ ನಿರಾಕರಣೆ ಆದರೆ ಮತ್ತೆ ಸಿಗುವುದೇ ಇಲ್ಲ ಅಂತ ಒಬ್ಬರು ಹೆದರಿಸಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಹಾದಿಹೋಕ

ಮೊದಲು ಧೈರ್ಯ ತಂದುಕೊಳ್ಳಿ. ಹಿಂದಿನ ನಿರಾಕರಣೆ ಇದೆ ಅನ್ನುವ ಒಂದೇ ಕಾರಣಕ್ಕೆ ಹೊಸ ಅರ್ಜಿಯನ್ನು ತಾನಾಗಿ ತಿರಸ್ಕರಿಸುವಂತಿಲ್ಲ. ಷೆಂಗೆನ್ ವೀಸಾ ಸಂಹಿತೆಯಲ್ಲೇ ಹಾಗೆ ಬರೆದಿದ್ದಾರೆ. ಪ್ರತಿ ಅರ್ಜಿಯನ್ನೂ ಅದರ ಪಾಡಿಗೆ ನೋಡಬೇಕು.

ಮೇಲ್ಮನವಿ ಬಗ್ಗೆ: ಜರ್ಮನಿಗೆ ಮೊದಲು ರೆಮನ್‌ಸ್ಟ್ರೇಷನ್ ಅಂತ ಒಂದು ದಾರಿ ಇತ್ತು. ರಾಯಭಾರ ಕಚೇರಿಗೇ ಪತ್ರ ಬರೆದು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಅದನ್ನು ಪೂರ್ತಿ ನಿಲ್ಲಿಸಿದ್ದಾರೆ. ಈಗ ಉಳಿದಿರುವುದು ಎರಡೇ ದಾರಿ. ಬರ್ಲಿನ್‌ನ ಆಡಳಿತ ನ್ಯಾಯಾಲಯದಲ್ಲಿ ದಾವೆ ಹೂಡುವುದು, ಇಲ್ಲಾ ಹೊಸದಾಗಿ ಅರ್ಜಿ ಹಾಕುವುದು. ನಾಲ್ಕು ತಿಂಗಳಲ್ಲಿ ಮಗು ಬರುವಾಗ ಕೋರ್ಟ್ ದಾರಿ ಹಿಡಿಯಬೇಡಿ ಅಂತ ನಾನು ಹೇಳುತ್ತೇನೆ.

ಆದರೆ ಅದಕ್ಕೂ ಮೊದಲು ಮೂರು ವಿಷಯ ತಿಳಿಸಿ. ಆ ಹಾಳೆಯಲ್ಲಿ ಯಾವ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆ? ಫಾರ್ಮ್‌ನಲ್ಲಿ ಪ್ರಯಾಣದ ಉದ್ದೇಶ ಏನು ಅಂತ ಬರೆದಿದ್ದಿರಿ? ಎಷ್ಟು ದಿನ ಕೇಳಿದ್ದಿರಿ?

ಸಂಪಿಗೆಮರ

ತುಂಬಾ ಧನ್ಯವಾದ. ಎರಡು ಕಾರಣಕ್ಕೆ ಗುರುತು ಇದೆ. ಒಂದು, ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ ಅಂತ. ಇನ್ನೊಂದು, ವೀಸಾ ಮುಗಿಯುವ ಮೊದಲು ವಾಪಸ್ ಹೋಗುತ್ತಾರೆ ಅನ್ನುವುದರಲ್ಲಿ ಅನುಮಾನ ಇದೆ ಅಂತ.

ಅರ್ಜಿ ತುಂಬಿದ್ದು ಒಬ್ಬ ಏಜೆಂಟ್. ಈಗ ಪ್ರತಿ ತರಿಸಿಕೊಂಡು ನೋಡಿದರೆ ನನಗೇ ಗಾಬರಿ ಆಯಿತು. ಉದ್ದೇಶ ಅನ್ನುವ ಕಡೆ ಪ್ರವಾಸ ಅಂತ ಇದೆ. "ಪ್ರವಾಸ ಅಂದ್ರೆ ಬೇಗ ಸಿಗುತ್ತೆ, ಹೆರಿಗೆ ಅಂದ್ರೆ ಕೊಡಲ್ಲ" ಅಂದಿದ್ದನಂತೆ. ಹತ್ತು ದಿನಕ್ಕೆ ಹೋಟೆಲ್ ಬುಕಿಂಗ್ ಇಟ್ಟಿದ್ದಾನೆ. ಆದರೆ ಕೇಳಿದ್ದು ಪೂರ್ತಿ 90 ದಿನ. ಇನ್ಶೂರೆನ್ಸ್ ಇರುವುದು 60 ದಿನಕ್ಕೆ. ನಾನು ಕಳಿಸಿದ ಆಹ್ವಾನ ಪತ್ರವೂ ಅದೇ ಫೈಲಿನಲ್ಲಿದೆ, ಅದರಲ್ಲಿ ಹೆರಿಗೆಯ ವಿಷಯ ಸ್ಪಷ್ಟವಾಗಿ ಇದೆ! ಅರ್ಜಿ ಹಾಕುವ ವಾರ ಮೊದಲು ಅಮ್ಮನ ಖಾತೆಗೆ ಅಣ್ಣನಿಂದ ಒಟ್ಟಿಗೆ ದೊಡ್ಡ ಮೊತ್ತ ಹಾಕಿಸಿದ್ದಾನೆ. ತಪ್ಪು ನಮ್ಮದೂ ಇದೆ. ನಾವು ಓದದೆ ಸಹಿ ಹಾಕಿಸಿದೆವು.

ಕಡಲಹಕ್ಕಿ

ನಾನು ನನ್ನ ಅಪ್ಪ ಅಮ್ಮನಿಗೆ ಮೂರು ಸಲ, ಅತ್ತೆಗೆ ಒಂದು ಸಲ ಈ ಕೆಲಸ ಮಾಡಿದ್ದೇನೆ. ಒಂದು ನಿರಾಕರಣೆಯನ್ನೂ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ನಿಮ್ಮ ಅಮ್ಮನ ಫೈಲ್ ಹಿಡಿದ ಅಧಿಕಾರಿ ಅಮ್ಮನನ್ನು ನೋಡಿಲ್ಲ. ಕೌಂಟರಿನಲ್ಲಿ ಕಾಗದ ತೆಗೆದುಕೊಂಡವರು ತೀರ್ಮಾನ ಮಾಡುವವರಲ್ಲ. ತೀರ್ಮಾನ ಮಾಡುವವರ ಮುಂದೆ ಇರುವುದು ಕಾಗದ ಮಾತ್ರ. ಆ ಕಾಗದಗಳಲ್ಲಿ ಒಂದು ಪ್ರವಾಸ ಅಂತು, ಇನ್ನೊಂದು ಹೆರಿಗೆ ಅಂತು. ಒಂದು 10 ದಿನ, ಒಂದು 60 ದಿನ, ಒಂದು 90 ದಿನ ಅಂತು. ಅವರು ಯಾವುದನ್ನು ನಂಬಬೇಕು ಹೇಳಿ? ನಿಮ್ಮ ಅಮ್ಮ ಸುಳ್ಳು ಹೇಳುವವರಲ್ಲ. ಫೈಲ್ ಹಾಗೆ ಕಂಡಿತು ಅಷ್ಟೇ. ಹಾಗಾಗಿ ಈ ಸಲ ಇರುವುದನ್ನು ಇದ್ದ ಹಾಗೇ ಹೇಳಿ. ಎಲ್ಲ ಕಾಗದವೂ ಅದನ್ನೇ ಹೇಳಲಿ.

ಉದ್ದೇಶದ ಕಡೆ ಕುಟುಂಬ ಅಥವಾ ಸ್ನೇಹಿತರ ಭೇಟಿ ಅನ್ನುವುದನ್ನು ಆರಿಸಿ. ಬಾಣಂತನ ಅನ್ನುವ ಮಾತು ಅವರಿಗೆ ಅರ್ಥ ಆಗದಿರಬಹುದು. ಅದನ್ನು ಅನುವಾದ ಮಾಡಲು ಹೋಗಿ ಮಗು ನೋಡಿಕೊಳ್ಳುವ ಕೆಲಸ ಅಂತೆಲ್ಲ ಬರೆಯಬೇಡಿ, ಸಂಬಳದ ಕೆಲಸ ಅಂದುಕೊಂಡಾರು. ಮಗಳ ಹೆರಿಗೆ ಸಮಯದಲ್ಲಿ ಜೊತೆಗಿರಲು, ಮೊಮ್ಮಗುವನ್ನು ನೋಡಲು ಹೋಗುತ್ತಿದ್ದೇನೆ ಅಂದರೆ ಸಾಕು. ನಿಮಗೆ ಅಲ್ಲಿ ಮುಟ್ಟರ್‌ಪಾಸ್ ಅನ್ನುವ ಗರ್ಭಿಣಿಯರ ತಪಾಸಣೆ ಪುಸ್ತಕ ಕೊಟ್ಟಿರುತ್ತಾರಲ್ಲ, ಅದರಲ್ಲಿ ಹೆರಿಗೆಯ ದಿನ ಬರೆದಿರುವ ಪುಟದ ಪ್ರತಿ ಇಡಿ. ಅದು ಹತ್ತು ಪತ್ರಕ್ಕೆ ಸಮ.

ಮುಖ್ಯವಾದದ್ದು ಫರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್. ಹೆಸರು ಉದ್ದ, ವಿಷಯ ಸರಳ. ಅಮ್ಮನ ಖರ್ಚೆಲ್ಲ ನನ್ನದು ಅಂತ ನೀವು ಸರ್ಕಾರದ ಮುಂದೆ ಬರೆದುಕೊಡುವ ಜವಾಬ್ದಾರಿ ಪತ್ರ. ನಿಮ್ಮೂರಿನ ವಿದೇಶಿಯರ ಕಚೇರಿಯಲ್ಲಿ ಮಾಡಿಸಬೇಕು. ಸಂಬಳದ ಚೀಟಿ, ಬಾಡಿಗೆ ಕರಾರು ಕೇಳುತ್ತಾರೆ. ಶುಲ್ಕ 29 ಯೂರೋ. ಇದು ಸುಮ್ನೆ ಒಂದು ಆಹ್ವಾನ ಪತ್ರ ಅಲ್ಲ, ಕಾನೂನಿನ ಬದ್ಧತೆ. ಅಮ್ಮನಿಗೆ ಆಸ್ಪತ್ರೆ ಖರ್ಚು ಬಂದರೂ ನಿಮ್ಮ ಮೇಲೇ ಬರುತ್ತದೆ, ಅದನ್ನು ತಿಳಿದುಕೊಂಡೇ ಸಹಿ ಮಾಡಿ. ನೇಮಕದ ದಿನ ಸಿಗಲು ವಾರಗಟ್ಟಲೆ ಆಗಬಹುದು. ಆದ್ದರಿಂದ ಇವತ್ತೇ ಕೇಳಿ.

ಅದು ಕೈಗೆ ಬಂದರೆ ಅಮ್ಮನ ಖಾತೆಯಲ್ಲಿ ದೊಡ್ಡ ಹಣ ತೋರಿಸುವ ಅವಸರವೇ ಇರುವುದಿಲ್ಲ. ಅಣ್ಣ ಹಾಕಿದ ಹಣ ವಾಪಸ್ ಕೊಟ್ಟುಬಿಡಿ. ಪಿಂಚಣಿ ತಿಂಗಳು ತಿಂಗಳು ಬರುವುದು, ಅದರಿಂದ ಮನೆ ಖರ್ಚು ಹೋಗುವುದು ಕಾಣಲಿ. ಸಣ್ಣ ಮೊತ್ತ ಆದರೂ ನಿಜವಾದ ಖಾತೆ ಅದು. ಹಳೆಯ ಸ್ಟೇಟ್‌ಮೆಂಟಿನಲ್ಲಿ ಆ ಜಮೆ ಇನ್ನೂ ಕಾಣುತ್ತಿದ್ದರೆ ಪತ್ರದಲ್ಲಿ ಒಂದು ಸಾಲು ವಿವರಣೆ ಕೊಡಿ.

ವಾಪಸ್ ಹೋಗುತ್ತಾರೆ ಅನ್ನುವುದಕ್ಕೆ ಪಿಂಚಣಿ ಆದೇಶ, ಮನೆಯ ಪತ್ರ, ಅಣ್ಣನ ಕುಟುಂಬ ಜೊತೆಗಿರುವುದಕ್ಕೆ ದಾಖಲೆ ಇಡಿ. ಮತ್ತೆ 90 ದಿನ ಅಂತ ಕೇಳಬೇಡಿ. 90 ಅನ್ನುವುದು ಗರಿಷ್ಠ ಮಿತಿ. ನಿಜವಾಗಿ ಎಷ್ಟು ಬೇಕು ಅಂತ ಕೂತು ಲೆಕ್ಕ ಹಾಕಿ, ಅಷ್ಟು ಕೇಳಿ. ಯಾಕೆ ಅಷ್ಟು ಅಂತ ಒಂದು ಸಾಲು ಬರೆಯಿರಿ.

ಹಿಂದಿನ ನಿರಾಕರಣೆ ಮುಚ್ಚಿಡಬೇಡಿ. ಅದು ವಿಐಎಸ್ ಅನ್ನುವ ಸಾಮಾನ್ಯ ವೀಸಾ ದಾಖಲೆಯಲ್ಲಿ ಇದ್ದೇ ಇರುತ್ತದೆ, ಷೆಂಗೆನ್‌ನ ಎಲ್ಲ ದೇಶಗಳಿಗೂ ಕಾಣುತ್ತದೆ. ಹೋದ ಸಲ ಅರ್ಜಿ ತಪ್ಪಾಗಿ ತುಂಬಿದ್ದೆವು, ನಿಜವಾದ ಉದ್ದೇಶ ಇದು ಅಂತ ನೇರವಾಗಿ ಹೇಳಿ.

ಬೆಟ್ಟದಹೂ

ಜರ್ಮನಿಗೆ ಸ್ಲಾಟ್ ಸಿಗುವುದು ಕಷ್ಟ ಆದರೆ ಬೇರೆ ದೇಶದ ವೀಸಾ ತೆಗೆದುಕೊಂಡು ಹೋಗಬಹುದಲ್ವಾ? ಷೆಂಗೆನ್ ಅಂದ ಮೇಲೆ ಎಲ್ಲ ಕಡೆ ನಡೆಯುತ್ತದೆ. ನನ್ನ ಸಹೋದ್ಯೋಗಿ ಒಬ್ಬರು ಹಾಗೇ ಮಾಡಿದ್ದರು.

ಹಾದಿಹೋಕ

ದಯವಿಟ್ಟು ಈ ಸಲಹೆ ಕೊಡಬೇಡಿ. ಯಾವ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ನಮ್ಮ ಅನುಕೂಲದ ವಿಷಯ ಅಲ್ಲ. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಅಥವಾ ಪ್ರಯಾಣದ ಮುಖ್ಯ ಉದ್ದೇಶ ಎಲ್ಲಿದೆಯೋ ಆ ದೇಶಕ್ಕೇ ಹಾಕಬೇಕು. ಹೀಗೆ ಮುಖ್ಯ ದೇಶ ಯಾವುದು ಅಂತ ಹೇಳಲು ಆಗದಿದ್ದರೆ ಮಾತ್ರ ಮೊದಲು ಯಾವ ದೇಶದ ಗಡಿ ದಾಟಿ ಒಳಗೆ ಬರುತ್ತೀರೋ ಅದಕ್ಕೆ.

ಇವರ ಅಮ್ಮ ಬಂದಷ್ಟು ದಿನವೂ ಮಗಳ ಮನೆಯಲ್ಲೇ ಇರುತ್ತಾರೆ. ಬೇರೆ ದೇಶಕ್ಕೆ ಹಾಕಿದರೆ ಮತ್ತೆ ಸುಳ್ಳು ಉದ್ದೇಶ ಬರೆಯಬೇಕು. ಅದೇ ತಪ್ಪಿಗೆ ಈಗ ಅನುಭವಿಸುತ್ತಿದ್ದಾರೆ. ಸುಳ್ಳು ಹೇಳಿ ಪಡೆದ ವೀಸಾ ಅಂತ ಗೊತ್ತಾದರೆ ಗಡಿಯಲ್ಲೂ ರದ್ದು ಮಾಡಬಹುದು. 63 ವರ್ಷದವರು, ಮೊದಲ ಸಲ ಒಬ್ಬರೇ ಬರುವವರು ವಿಮಾನ ನಿಲ್ದಾಣದಲ್ಲಿ ಆ ಪ್ರಶ್ನೆಗಳಿಗೆ ಹೇಗೆ ಉತ್ತರ ಕೊಡುತ್ತಾರೆ?

ಸ್ಲಾಟಿಗೆ ಪರಿಹಾರ ಬೇಗ ಶುರು ಮಾಡುವುದೊಂದೇ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆ ಅಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಹೋಗಬಹುದು. ಕೊನೆಯ 15 ದಿನ ಅನ್ನುವುದನ್ನು ಮರೆತೇಬಿಡಿ.

ಬೆಟ್ಟದಹೂ

ಸರಿ, ನಾನು ಅಷ್ಟು ಯೋಚನೆ ಮಾಡಿರಲಿಲ್ಲ. ತಪ್ಪು ಸಲಹೆ ಕೊಟ್ಟೆ, ಕ್ಷಮಿಸಿ.

ನೀಲಿಚೀಲ

ಇದೇ ವಿಷಯಕ್ಕೆ ಹತ್ತಿರದ ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನಾನು ಸ್ವಂತ ಕೆಲಸ ಮಾಡುವವನು, ಸಂಬಳದ ಚೀಟಿ ಇಲ್ಲ. ತಮ್ಮ ಫ್ರಾನ್ಸ್‌ನ ಲಿಯೋನ್‌ನಲ್ಲಿ ಓದುತ್ತಿದ್ದಾನೆ. ಹತ್ತು ದಿನ ಅವನ ಜೊತೆ, ಆಮೇಲೆ ನಾಲ್ಕು ದಿನ ಇಟಲಿ. ದಿನಕ್ಕೆ ಎಷ್ಟು ಹಣ ತೋರಿಸಬೇಕು? ಟಿಕೆಟ್ ಮೊದಲೇ ಕೊಳ್ಳಬೇಕಾ?

ಕಡಲಹಕ್ಕಿ

ಹತ್ತು ದಿನ ಫ್ರಾನ್ಸ್ ಆದ್ದರಿಂದ ಅರ್ಜಿ ಫ್ರಾನ್ಸ್‌ಗೆ. ದಿನದ ಖರ್ಚಿನ ಲೆಕ್ಕ ಒಂದೊಂದು ದೇಶಕ್ಕೆ ಒಂದೊಂದು ಥರ. ಫ್ರಾನ್ಸ್‌ನಲ್ಲಿ ಹೋಟೆಲ್ ಬುಕಿಂಗ್ ಇದ್ದರೆ ದಿನಕ್ಕೆ 65 ಯೂರೋ, ಇಲ್ಲದಿದ್ದರೆ 120. ಆತಿಥೇಯರ ಮನೆಯಲ್ಲಿ ಇರುವುದಾದರೆ 32.50. ಆದರೆ ಆ ಕೊನೆಯ ಲೆಕ್ಕ ನಡೆಯಬೇಕಾದರೆ ತಮ್ಮ ಅಲ್ಲಿನ ಪುರಸಭೆಯಿಂದ ಅಟೆಸ್ಟಾಸಿಯೋಂ ದಾಕ್ಯೂಯಿ, ಅಂದರೆ ಅತಿಥಿಯನ್ನು ಮನೆಯಲ್ಲಿ ಇರಿಸಿಕೊಳ್ಳುತ್ತೇನೆ ಅನ್ನುವ ಪತ್ರ ಮಾಡಿಸಬೇಕು. ಅದಕ್ಕೆ 30 ಯೂರೋ ಸ್ಟ್ಯಾಂಪ್ ಖರ್ಚು. ವಿದ್ಯಾರ್ಥಿಯ ಕೋಣೆ ಚಿಕ್ಕದಾಗಿದ್ದರೆ ಒಪ್ಪದೇ ಇರಬಹುದು, ಮನೆಯ ಅಳತೆಯನ್ನೂ ಅವರು ನೋಡುತ್ತಾರೆ. ಹಾಗಾದರೆ ಹತ್ತಿರದಲ್ಲೇ ಹೋಟೆಲ್ ಮಾಡಿಕೊಳ್ಳಿ, ತಮ್ಮನನ್ನು ನೋಡಲು ಹೋಗುವುದು ಅಂತ ಪತ್ರದಲ್ಲಿ ಹೇಳಿ.

ಟಿಕೆಟ್ ಕೊಂಡಿರಲೇಬೇಕು ಅಂತಿಲ್ಲ, ಕಾಯ್ದಿರಿಸಿದ್ದು ಸಾಕು. ಆದರೆ ಅದು ನಿಜವಾದ ಕಾಯ್ದಿರಿಸುವಿಕೆ ಆಗಿರಲಿ. ಅಂತರ್ಜಾಲದಲ್ಲಿ ಚಿಲ್ಲರೆ ದುಡ್ಡಿಗೆ ನಕಲಿ ಟಿಕೆಟ್ ಮಾಡಿಕೊಡುವವರ ಹತ್ತಿರ ಹೋಗಬೇಡಿ. ಪರಿಶೀಲಿಸಿದಾಗ ಸಿಗದಿದ್ದರೆ ಇಡೀ ಫೈಲ್ ಮೇಲೆ ಅನುಮಾನ ಬರುತ್ತದೆ.

ಸ್ವಂತ ಕೆಲಸದವರಿಗೆ ಆದಾಯ ತೆರಿಗೆ ವಿವರ, ನೋಂದಣಿ ಪತ್ರ, ಗ್ರಾಹಕರ ಒಪ್ಪಂದ, ಖಾತೆಯ ವಿವರ ಬೇಕು. ವಾಪಸ್ ಬಂದ ಮೇಲೆ ಮಾಡಬೇಕಾದ ಕೆಲಸದ ಒಪ್ಪಂದ ಒಂದಿದ್ದರೆ ಅದನ್ನು ಮೇಲೇ ಇಡಿ. ಸಂಬಳದವರು ರಜೆ ಪತ್ರ ಇಡುತ್ತಾರಲ್ಲ, ನಿಮಗೆ ಆ ಜಾಗದಲ್ಲಿ ಇದು.

ಮಣ್ಣಿನದಾರಿ

ಸಂಪಿಗೆಮರ ಅವರೇ, ಯಾರೂ ಹೇಳದ ಒಂದು ವಿಷಯ. ಹೆಸರು ನೋಡಿ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರು ಅಂತ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ನನ್ನ ಅಮ್ಮನ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ನನ್ನ ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ ಥರ ಇತ್ತು. ಮದುವೆಗೆ ಮೊದಲಿನ ಇನಿಷಿಯಲ್, ಆಮೇಲಿನ ಇನಿಷಿಯಲ್, ಜೊತೆಗೆ ಮನೆಯಲ್ಲಿ ಕರೆಯುವ ಹೆಸರು. ನಾವಿಬ್ಬರೂ ತಾಯಿ ಮಗಳು ಅಂತ ಕಾಗದದಲ್ಲಿ ತೋರಿಸುವುದಕ್ಕೇ ಒಂದು ತಿಂಗಳು ಹೋಯಿತು.

ಕೊನೆಗೆ ಎರಡೂ ಹೆಸರು ಒಬ್ಬರದೇ ಅಂತ ಪ್ರಮಾಣ ಪತ್ರ ಮಾಡಿಸಿ, ನನ್ನ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರಿರುವುದರ ಪ್ರತಿ ಇಟ್ಟೆವು. ಕನ್ನಡದಲ್ಲಿರುವ ಕಾಗದಗಳಿಗೆ ಇಂಗ್ಲಿಷ್ ಅಥವಾ ಜರ್ಮನ್ ಅನುವಾದವೂ ಬೇಕು.

ಹಾಗೇ ಪಾಸ್‌ಪೋರ್ಟ್ ನೋಡಿಕೊಳ್ಳಿ. ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಎರಡು ಖಾಲಿ ಪುಟ ಇರಬೇಕು, ಅಲ್ಲಿಂದ ಹೊರಡುವ ದಿನದ ನಂತರ ಇನ್ನೂ ಮೂರು ತಿಂಗಳು ಚಾಲ್ತಿ ಇರಬೇಕು.

ಸಂಪಿಗೆಮರ

ಮಣ್ಣಿನದಾರಿ, ನೀವು ಹೇಳಿದ್ದು ನಮ್ಮ ಮನೆಯ ಕಥೆಯೇ! ನನ್ನ ಜನನ ಪತ್ರದಲ್ಲಿ ಅಮ್ಮನ ತವರಿನ ಹೆಸರಿದೆ. ಗಮನಿಸಿಯೇ ಇರಲಿಲ್ಲ.

ಇನ್ನೆರಡು ಪ್ರಶ್ನೆ. ಇನ್ಶೂರೆನ್ಸ್ ಯಾವ ಥರದ್ದು? ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಮತ್ತೆ, ಈ ಸಲ ಡಿಸೆಂಬರ್‌ವರೆಗೆ ಇದ್ದು ಹೋದರೆ ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಮೊದಲು ಇನ್ನೊಮ್ಮೆ ಬರಬಹುದಾ? 180 ದಿನದ ಲೆಕ್ಕ ನನಗೆ ಅರ್ಥವೇ ಆಗುತ್ತಿಲ್ಲ.

ಹಾದಿಹೋಕ

ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಇರಬೇಕು. ಷೆಂಗೆನ್‌ನ ಎಲ್ಲ ದೇಶಗಳಲ್ಲೂ ನಡೆಯಬೇಕು. ತುರ್ತು ಚಿಕಿತ್ಸೆ, ಆಸ್ಪತ್ರೆ, ಊರಿಗೆ ವಾಪಸ್ ಕಳಿಸುವ ಖರ್ಚು ಸೇರಿರಬೇಕು. ವೀಸಾಕ್ಕೆ ಅಷ್ಟಾದರೆ ಸಾಕು. ಆದರೆ ನಿಮ್ಮ ಅಮ್ಮನ ವಿಷಯದಲ್ಲಿ ಅಷ್ಟಕ್ಕೇ ನಿಲ್ಲಬೇಡಿ. ತುಂಬಾ ಪಾಲಿಸಿಗಳು ಮೊದಲೇ ಇರುವ ಕಾಯಿಲೆಯನ್ನು ಹೊರಗಿಡುತ್ತವೆ. ಬಿಪಿ, ಶುಗರ್ ಇದೆ ಅಂತ ಹೇಳಿಯೇ ಪಾಲಿಸಿ ಮಾಡಿಸಿ. ಅದರಿಂದ ತುರ್ತು ಬಂದರೆ ಕೊಡುತ್ತಾರಾ ಅನ್ನುವುದನ್ನು ಬರಹದಲ್ಲಿ ಓದಿ. ಜವಾಬ್ದಾರಿ ಪತ್ರಕ್ಕೆ ನೀವು ಸಹಿ ಮಾಡಿರುತ್ತೀರಿ, ನೆನಪಿರಲಿ. ಅಮ್ಮ ದಿನವೂ ತೆಗೆದುಕೊಳ್ಳುವ ಮಾತ್ರೆ ಪೂರ್ತಿ ಅವಧಿಗೆ ಆಗುವಷ್ಟು ಇರಲಿ, ಜೊತೆಗೆ ವೈದ್ಯರ ಚೀಟಿ.

ಇನ್ನು ದಿನದ ಲೆಕ್ಕ. ಯಾವ ದಿನ ನೀವು ಷೆಂಗೆನ್ ಒಳಗಿದ್ದೀರೋ ಆ ದಿನದಿಂದ ಹಿಂದಕ್ಕೆ 180 ದಿನ ಎಣಿಸಿ. ಆ 180ರಲ್ಲಿ ಒಳಗಿದ್ದ ದಿನಗಳು 90 ದಾಟಬಾರದು. ಬಂದ ದಿನ, ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಒಂದು ಉದಾಹರಣೆ ಹೇಳುತ್ತೇನೆ. ಮಾರ್ಚ್ 1ಕ್ಕೆ ಬಂದು ಮೇ 29ಕ್ಕೆ ಹೊರಟರೆ ಸರಿಯಾಗಿ 90 ದಿನ. ಮತ್ತೆ ಒಳಗೆ ಬರಲು ಆಗಸ್ಟ್ 28ರವರೆಗೆ ಕಾಯಬೇಕು. ಯಾಕೆಂದರೆ ಅವತ್ತು ಹಿಂದಕ್ಕೆ ಎಣಿಸಿದಾಗ ಮಾರ್ಚ್ 1 ಮೊದಲ ಸಲ ಲೆಕ್ಕದಿಂದ ಹೊರಗೆ ಬೀಳುತ್ತದೆ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತ ವರ್ಷವನ್ನು ಎರಡು ಭಾಗ ಮಾಡಿ ಎಣಿಸುವವರಿದ್ದಾರೆ. ಅದು ತಪ್ಪು.

ಹಾಗಾಗಿ ಡಿಸೆಂಬರ್ ಕೊನೆಗೆ ಹೋದವರು ಮುಂದಿನ ಬೇಸಿಗೆಗೆ ಆರಾಮಾಗಿ ಬರಬಹುದು, ಆದರೆ ಹೊಸ ವೀಸಾ ಬೇಕು. ಮೊದಲ ಸಲ ಬೆರಳಚ್ಚು ಕೊಟ್ಟರೆ ಅದು 59 ತಿಂಗಳು ನಡೆಯುತ್ತದೆ. ಭಾರತದವರಿಗೆ 2024ರ ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ನಿಯಮ ಬಂದಿದೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ, ಮುಂದಿನದು ಎರಡು ವರ್ಷದ, ಹಲವು ಸಲ ಹೋಗಿಬರುವ ವೀಸಾ ಸಿಗಬಹುದು. ಆಮೇಲೆ ಐದು ವರ್ಷದ್ದು. ನಿಮ್ಮ ಅಮ್ಮನಂಥವರಿಗೇ ಅದು ಉಪಯೋಗ.

ನೀಲಿಚೀಲ

ಶುಲ್ಕ ಎಷ್ಟು ಈಗ? ನಿರಾಕರಣೆ ಆದರೆ ವಾಪಸ್ ಕೊಡುತ್ತಾರಾ?

ಮಣ್ಣಿನದಾರಿ

2024ರ ಜೂನ್ 11ರಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ನಿರಾಕರಣೆ ಆದರೆ ವಾಪಸ್ ಬರುವುದಿಲ್ಲ. ಎಸ್‌ಎಂಎಸ್, ವಿಶೇಷ ಕೋಣೆ ಅಂತ ಕೌಂಟರಿನಲ್ಲಿ ಕೇಳುವುದೆಲ್ಲ ನಿಮ್ಮ ಇಷ್ಟ. ಅದರಿಂದ ವೀಸಾ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ.

ಸಂಪಿಗೆಮರ

ಏಳು ವಾರದ ನಂತರ ಬರೆಯುತ್ತಿದ್ದೇನೆ. ಅಮ್ಮನಿಗೆ ವೀಸಾ ಸಿಕ್ಕಿತು!

ಏನೇನು ಮಾಡಿದೆವು ಅಂತ ಹೇಳುತ್ತೇನೆ, ಬೇರೆಯವರಿಗೆ ಸಹಾಯ ಆಗಲಿ. ಏಜೆಂಟ್ ಬಿಟ್ಟು, ವಿಡೆಕ್ಸ್ ಅನ್ನುವ ಜರ್ಮನಿಯ ಆನ್‌ಲೈನ್ ವೀಸಾ ಫಾರ್ಮನ್ನು ನಾನೇ ತುಂಬಿದೆ. ಅಮ್ಮನಿಗೆ ಫೋನಿನಲ್ಲಿ ಪ್ರತಿ ಸಾಲೂ ಕನ್ನಡದಲ್ಲಿ ಓದಿ ಹೇಳಿದೆ, ಅವರು ಹೂಂ ಅಂದ ಮೇಲೇ ಮುಂದಿನ ಸಾಲು. ಅಕ್ಟೋಬರ್ 10ರಿಂದ ಡಿಸೆಂಬರ್ 28, ಒಟ್ಟು 80 ದಿನ ಕೇಳಿದೆವು. ಇನ್ಶೂರೆನ್ಸ್, ಟಿಕೆಟ್ ಕಾಯ್ದಿರಿಸಿದ್ದು, ನನ್ನ ಪತ್ರ, ಜವಾಬ್ದಾರಿ ಪತ್ರ ಎಲ್ಲದರಲ್ಲೂ ಅದೇ ದಿನಗಳು. ಮುಟ್ಟರ್‌ಪಾಸ್ ಪುಟ ಇಟ್ಟೆವು. ಹೆಸರಿನ ಪ್ರಮಾಣ ಪತ್ರ ಮಾಡಿಸಿದೆವು. ಅಮ್ಮನ ಪತ್ರವನ್ನು ಅಮ್ಮನೇ ಹೇಳಿ ಬರೆಸಿದರು. ಹಿಂದಿನ ಅರ್ಜಿಯಲ್ಲಿ ಆದ ತಪ್ಪು ಮೊದಲು ಬಂತು. "ಜನವರಿಯಲ್ಲಿ ಮೊಮ್ಮಗನ ಶಾಲೆಗೆ ಬಿಡುವ ಕೆಲಸ ನನ್ನದೇ, ಸೊಸೆ ಕೆಲಸಕ್ಕೆ ಹೋಗುತ್ತಾಳೆ" ಅನ್ನುವ ಸಾಲು ಅವರದ್ದೇ. ನಾನು ಒಂದಕ್ಷರ ಬದಲಿಸದೆ ಅನುವಾದ ಮಾಡಿದೆ. ಹತ್ತೊಂಬತ್ತು ದಿನಕ್ಕೆ ಪಾಸ್‌ಪೋರ್ಟ್ ಬಂತು.

ಒಂದು ಸಣ್ಣ ಗೊಂದಲ ಇದೆ. ಸ್ಟಿಕ್ಕರಿನಲ್ಲಿ ಅಕ್ಟೋಬರ್ 10ರಿಂದ ಜನವರಿ 12ರವರೆಗೆ ಅಂತ ಇದೆ. ನಾವು ಡಿಸೆಂಬರ್ 28ಕ್ಕೇ ಕೇಳಿದ್ದು. ಹಾಗಾದರೆ ಜನವರಿ 12ರವರೆಗೂ ಇರಬಹುದಾ? ಅಣ್ಣ ಇರಬಹುದು ಅನ್ನುತ್ತಾನೆ.

ಕಡಲಹಕ್ಕಿ

ಓದಿ ಕಣ್ಣು ತುಂಬಿ ಬಂತು. ಅಮ್ಮನಿಗೆ ನಮ್ಮೆಲ್ಲರ ಶುಭಾಶಯ ಹೇಳಿ.

ಇಲ್ಲ, ಇರಬಾರದು! ಕೆಳಗೆ ವಾಸದ ಅವಧಿ ಅನ್ನುವ ಕಡೆ 80 ದಿನ ಅಂತ ಇರುತ್ತದೆ ನೋಡಿ. ಲೆಕ್ಕ ಅದೇ. ಮೇಲಿನ ದಿನಾಂಕಗಳ ನಡುವೆ ಯಾವ 80 ದಿನ ಬೇಕಾದರೂ ಇರಬಹುದು, 80 ದಾಟುವಂತಿಲ್ಲ. ಪ್ರಯಾಣ ನಾಲ್ಕು ದಿನ ಹಿಂದೆ ಮುಂದೆ ಆದರೆ ಕಷ್ಟ ಆಗದಿರಲಿ ಅಂತ 15 ದಿನ ಜಾಸ್ತಿ ಕೊಡುತ್ತಾರೆ. ಇದನ್ನು ತಪ್ಪಾಗಿ ಓದಿ ಒಂದು ವಾರ ಜಾಸ್ತಿ ಉಳಿದವರನ್ನು ನಾನು ಬಲ್ಲೆ. 2025ರ ಅಕ್ಟೋಬರ್ 12ರಿಂದ ಇಇಎಸ್ ಅನ್ನುವ ಹೊಸ ಗಡಿ ವ್ಯವಸ್ಥೆ ಹಂತ ಹಂತವಾಗಿ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಬಂದ ದಿನ, ಹೋದ ದಿನ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ದಿನ ಹೆಚ್ಚಾದರೆ ತಾನಾಗಿ ಗೊತ್ತಾಗುತ್ತದೆ.

ಅಮ್ಮ ಇಳಿದಾಗ ಗಡಿಯಲ್ಲಿ ಅವರ ಮುಖದ ಫೋಟೊ ತೆಗೆಯುತ್ತಾರೆ, ಗಾಬರಿ ಆಗಬೇಡಿ ಅಂತ ಮೊದಲೇ ಹೇಳಿಡಿ. ನಿಮ್ಮ ಪತ್ರ, ಇನ್ಶೂರೆನ್ಸ್, ಜವಾಬ್ದಾರಿ ಪತ್ರದ ಪ್ರತಿ, ವಾಪಸ್ ಟಿಕೆಟ್ ಕೈಚೀಲದಲ್ಲೇ ಇರಲಿ. ಲಗೇಜಿನಲ್ಲಿ ಹಾಕಿಬಿಡಬೇಡಿ.

ಸಂಪಿಗೆಮರ

ಸರಿಯಾದ ಸಮಯಕ್ಕೆ ಹೇಳಿದಿರಿ. ಸ್ಟಿಕ್ಕರಿನಲ್ಲಿ 80 ಅಂತಲೇ ಇದೆ. ಡಿಸೆಂಬರ್ 28ರ ಟಿಕೆಟ್ ಇವತ್ತು ಕೊಂಡೆವು. ಅಮ್ಮ ಕೈಚೀಲ ಆಗಲೇ ತೆಗೆದಿಟ್ಟಿದ್ದಾರೆ. ಅದರಲ್ಲಿ ಮೊದಲು ಹೋಗಿದ್ದು ಈ ಕಾಗದಗಳ ಫೈಲು, ಆಮೇಲೆ ಮಗುವಿಗೆ ಹೊಲಿದ ಕುಲಾವಿ.